ಡಬ್ಬಿಯ ಟ್ಯೂನಾ ಖರೀದಿ: ಗುಣಮಟ್ಟ, ತೂಕ ಮತ್ತು ದಾಖಲೆ

ಹೋಟೆಲು, ಬೇಕರಿ ಹಾಗೂ ಸೂಪರ್ ಮಾರ್ಕೆಟ್‌ಗಳಿಗೆ ಆಹಾರ ಪದಾರ್ಥ ಪೂರೈಸುವ ವರ್ತಕರ ದರಪಟ್ಟಿಯಲ್ಲಿ ಡಬ್ಬಿಯ ಟ್ಯೂನಾಕ್ಕೂ ಸ್ಥಾನ ದೊರೆತಿದೆ. ಕರಾವಳಿಯಲ್ಲಿ ಕೇದರ ಎಂದು ಪರಿಚಿತವಾದ ಈ ಮೀನನ್ನು ಹಸಿಯಾಗಿ ಕೊಳ್ಳುವಾಗ ಕಿವಿರು ಎತ್ತಿ, ಬೆರಳಿನಿಂದ ಒತ್ತಿ ಪರೀಕ್ಷಿಸುವುದು ರೂಢಿ. ಮುಚ್ಚಿದ ಡಬ್ಬಿಗೆ ಆ ಪರೀಕ್ಷೆ ಸಾಧ್ಯವಿಲ್ಲ. ಆದಕಾರಣ ಖರೀದಿದಾರನು ತೂಕ, ಮಾದರಿ ಮತ್ತು ದಾಖಲೆಗಳನ್ನು ಅವಲಂಬಿಸಬೇಕಾಗುತ್ತದೆ.

ಡಬ್ಬಿಯೊಳಗೆ ಹೋದ ಮೇಲೆ ಶಾಖವು ಎಲ್ಲ ದೋಷವನ್ನೂ ಪರಿಹರಿಸುತ್ತದೆ ಎಂಬ ನಂಬಿಕೆ ವ್ಯಾಪಾರಿಗಳಲ್ಲಿ ಸಾಮಾನ್ಯ. ಇದು ಅರ್ಧ ಸತ್ಯ ಮಾತ್ರ. ಮುಚ್ಚಿದ ಡಬ್ಬಿಗಳನ್ನು ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸಿದಾಗ ರೋಗಾಣುಗಳು ನಾಶವಾಗುತ್ತವೆ. ಆದರೆ ಹಿಡಿದ ಮೀನನ್ನು ಕೂಡಲೇ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಅದು ಈ ಶಾಖಕ್ಕೆ ನಾಶವಾಗುವುದಿಲ್ಲ. ದೋಣಿಯಲ್ಲಿ ನಡೆದ ಅಲಕ್ಷ್ಯವು ಹೀಗೆ ಡಬ್ಬಿಯವರೆಗೂ ಬರುತ್ತದೆ. ತಿಂದವರಿಗೆ ಮುಖ ಕೆಂಪಾಗುವುದು, ತಲೆನೋವು, ತುರಿಕೆ, ವಾಂತಿ ಕಾಣಿಸಿಕೊಳ್ಳುತ್ತವೆ. ನಾಲಿಗೆಗೆ ಮೆಣಸಿನಂತಹ ಚುರುಕು ತಗುಲಿದರೆ ಸಂಶಯಪಡಬೇಕು. ಚುರುಕು ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಲಾಗದು.

ಭಾರತದ ಆಹಾರ ಸುರಕ್ಷತಾ ನಿಯಮಗಳಂತೆ ಪರೀಕ್ಷೆಗೆ ತೆಗೆದ 9 ಮಾದರಿಗಳಲ್ಲಿ ಹೆಚ್ಚೆಂದರೆ 2ರಲ್ಲಿ ಮಾತ್ರ ಹಿಸ್ಟಮಿನ್ ಕಿಲೋಗೆ 100 ಮಿಲಿಗ್ರಾಂ ಮೀರಬಹುದು. ಯಾವುದೂ 200 ಮೀರಕೂಡದು. ಆದ್ದರಿಂದ ಪೂರೈಕೆದಾರರಿಂದ ಕೇಳಬೇಕಾದುದು ಕಂಪನಿಯ ಸಾಮಾನ್ಯ ಪ್ರಮಾಣಪತ್ರವನ್ನಲ್ಲ, ಆಯಾ ಬ್ಯಾಚಿನ ಪ್ರಯೋಗಾಲಯ ವರದಿಯನ್ನು.

ಬಸಿದ ತೂಕದ ಲೆಕ್ಕ

ಬೆಲೆ ಹೋಲಿಸುವಾಗ ನಿವ್ವಳ ತೂಕವನ್ನಷ್ಟೇ ನೋಡುವುದು ನಷ್ಟದ ವ್ಯಾಪಾರ. ನಿವ್ವಳ ತೂಕದಲ್ಲಿ ಎಣ್ಣೆ ಅಥವಾ ಉಪ್ಪುನೀರೂ ಸೇರಿರುತ್ತದೆ. ದ್ರವದಲ್ಲಿ ತುಂಬಿದ ಆಹಾರಕ್ಕೆ ಬಸಿದ ತೂಕವನ್ನೂ ಲೇಬಲ್ಲಿನಲ್ಲಿ ನಮೂದಿಸುವುದು ಕಡ್ಡಾಯ. ಉದಾಹರಣೆಗೆ, ಎರಡು ಡಬ್ಬಿಗಳೂ 185 ಗ್ರಾಂನವು ಎಂದುಕೊಳ್ಳೋಣ. ಮೊದಲನೆಯದರ ಬೆಲೆ ರೂ. 150, ಬಸಿದ ತೂಕ 130 ಗ್ರಾಂ. ಎರಡನೆಯದು ರೂ. 135, ಬಸಿದ ತೂಕ 111 ಗ್ರಾಂ. 100 ಗ್ರಾಂ ಮೀನಿಗೆ ಮೊದಲನೆಯದರಲ್ಲಿ ರೂ. 115.38, ಎರಡನೆಯದರಲ್ಲಿ ರೂ. 121.62 ಬೀಳುತ್ತದೆ. ಅಗ್ಗವೆಂದು ಕಂಡದ್ದೇ ದುಬಾರಿ. 4,800 ಡಬ್ಬಿಗಳ ಖರೀದಿಯಲ್ಲಿ ಮೀನಿನ ಪ್ರಮಾಣವೇ 91 ಕಿಲೋ ಕಡಿಮೆಯಾಗುತ್ತದೆ.

ಲೇಬಲ್ಲನ್ನೂ ಒಮ್ಮೆ ಪರೀಕ್ಷಿಸುವುದು ಒಳಿತು. ಅಮೆರಿಕದಲ್ಲಿ 5 ಔನ್ಸಿನ ಡಬ್ಬಿಗಳಲ್ಲಿ ಮೀನು ಕಡಿಮೆ ತುಂಬಲಾಗಿದೆ ಎಂಬ ಮೊಕದ್ದಮೆ ಎದುರಿಸಿದ ಪ್ರಸಿದ್ಧ ಕಂಪನಿಯೊಂದು, ತಪ್ಪೊಪ್ಪಿಕೊಳ್ಳದೆಯೇ, 2015ರಲ್ಲಿ 80 ಲಕ್ಷ ಡಾಲರ್ ನಗದು ಹಾಗೂ 40 ಲಕ್ಷ ಡಾಲರ್ ಮೌಲ್ಯದ ಕೂಪನ್‌ಗಳ ರಾಜಿಗೆ ಒಪ್ಪಿತು. ಪರೀಕ್ಷೆಗೆ ಬೇಕಾದುದು ಒಂದು ಜರಡಿ ಮತ್ತು ತಕ್ಕಡಿ ಮಾತ್ರ: ಡಬ್ಬಿಯಲ್ಲಿದ್ದುದನ್ನು ಓರೆಯಾಗಿಟ್ಟ ಜರಡಿಗೆ ಸುರಿದು, 2 ನಿಮಿಷ ಬಸಿದು ತೂಗಬೇಕು.

ಅದೇ ಮಾದರಿಯಲ್ಲಿ ಮಾಂಸವನ್ನೂ ಗಮನಿಸಬೇಕು. ಜೇನುಗೂಡಿನಂತೆ ರಂಧ್ರಗಳಿದ್ದರೆ ಮೀನು ಮೊದಲೇ ಕೆಟ್ಟಿತ್ತು ಎಂದರ್ಥ. ಹಸಿರು ಛಾಯೆ, ಹುಳಿ ಅಥವಾ ಕಮಟು ವಾಸನೆ ಇದ್ದರೂ ತಿರಸ್ಕರಿಸಬೇಕು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ ‘ಸಾಲಿಡ್’ ಎಂದರೆ ಇಡಿಯ ತುಂಡುಗಳು. ಅದರಲ್ಲಿ ಉದುರಿದ ಚೂರು ಬಸಿದ ತೂಕದ ಶೇ. 18 ಮೀರಬಾರದು. ‘ಚಂಕ್’ನಲ್ಲಿ ತುಂಡುಗಳು ಸಣ್ಣವು. ‘ಫ್ಲೇಕ್’ ಇನ್ನೂ ಸಣ್ಣ ಚೂರು. ಸ್ಯಾಂಡ್‌ವಿಚ್ ತಯಾರಿಸುವ ಬೇಕರಿಗೆ ಸಾಲಿಡ್ ಬೆಲೆ ತೆರುವುದು ವ್ಯರ್ಥ, ಫ್ಲೇಕ್ ಸಾಕು.

ಜಾತಿಯ ಹೆಸರೂ ಮುಖ್ಯ. ಜಗತ್ತಿನಲ್ಲಿ ಡಬ್ಬಿಗೆ ಹೆಚ್ಚಾಗಿ ಹೋಗುವುದು ಸ್ಕಿಪ್‌ಜಾಕ್. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ 1969ರಲ್ಲಿ ಆರಂಭವಾದ ಕಾರ್ಖಾನೆಗೂ ಆಧಾರ, ಕೋಲುಗಾಳದಿಂದ ಹಿಡಿಯುವ ಇದೇ ಮೀನು. ‘ಬಿಳಿ ಮಾಂಸ’ವೆಂದು ಹೆಚ್ಚಿನ ಬೆಲೆಗೆ ಮಾರಾಟವಾಗುವ ಆಲ್ಬಕೋರ್‌ನಲ್ಲಿ ಪಾದರಸದ ಅಂಶ ಸ್ಕಿಪ್‌ಜಾಕ್‌ಗಿಂತ ಅಧಿಕ. ದುಬಾರಿಯಾದುದೆಲ್ಲ ಶ್ರೇಷ್ಠವಲ್ಲ.

ಕಾನೂನಿನ ಹೊಣೆ

ಉಬ್ಬಿದ, ಸೋರುವ, ತುಕ್ಕು ಹಿಡಿದ ಡಬ್ಬಿಗಳನ್ನು ಗೋದಾಮಿನ ಬಾಗಿಲಲ್ಲೇ ಹಿಂದಿರುಗಿಸಬೇಕು. ಮೈಮೇಲಿನ ಸಣ್ಣ ತಗ್ಗಿಗಿಂತ ಮುಚ್ಚಳ ಕೂಡುವ ಅಂಚಿನ ತಗ್ಗು ಅಪಾಯಕಾರಿ. ಅಲ್ಲಿಂದ ಗಾಳಿ, ನೀರು ಒಳಸೇರುತ್ತವೆ. ಆಮದು ಸರಕಾದರೆ ಆಮದುದಾರನ ಹೆಸರು, ವಿಳಾಸ ಮತ್ತು ಪರವಾನಗಿ ಸಂಖ್ಯೆ ಇರಲೇಬೇಕು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ 27ನೇ ಕಲಮಿನಂತೆ ಅವಧಿ ಮೀರಿದ ಸರಕಿಗೂ, ತಯಾರಕ ಅಥವಾ ವಿತರಕ ಯಾರೆಂದು ಗುರುತಿಸಲಾಗದ ಸರಕಿಗೂ ಮಾರಿದವನೇ ಹೊಣೆ. 65ನೇ ಕಲಮಿನಡಿ, ಗ್ರಾಹಕನು ಮೃತಪಟ್ಟರೆ ಪರಿಹಾರ ರೂ. 5 ಲಕ್ಷಕ್ಕೆ ಕಡಿಮೆಯಿಲ್ಲ. 26ನೇ ಕಲಮಿನಂತೆ ಪೂರೈಕೆದಾರನು ನೀಡುವ ಬಿಲ್ಲು ಅಥವಾ ಇನ್‌ವಾಯ್ಸ್ ಸರಕಿನ ಗುಣಮಟ್ಟಕ್ಕೆ ಖಾತರಿಪತ್ರವೆಂದೇ ಪರಿಗಣಿತವಾಗುತ್ತದೆ. ಬಿಲ್ಲಿಲ್ಲದೆ ಉಳಿಸಿದ ತೆರಿಗೆಯು ಈ ರಕ್ಷಣೆಯನ್ನೇ ಕಳೆಯುತ್ತದೆ. ಅದರಲ್ಲೂ 2025ರ ಸೆಪ್ಟೆಂಬರ್ 22ರಿಂದ ಸಂಸ್ಕರಿತ ಮೀನಿನ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದ ಮೇಲೆ ಅಂತಹ ಉಳಿತಾಯಕ್ಕೆ ಅರ್ಥವೇ ಇಲ್ಲ.

ಇನ್‌ವಾಯ್ಸಿನಲ್ಲಿ ಬ್ಯಾಚ್ ಸಂಖ್ಯೆ ನಮೂದಾಗಬೇಕು. ದಾಸ್ತಾನು ಪುಸ್ತಕದಲ್ಲಿಯೂ ಬ್ಯಾಚುವಾರು ಪ್ರತ್ಯೇಕ ಪುಟ ಇಡಬೇಕು. ಮೊದಲು ಬಂದದ್ದನ್ನಲ್ಲ, ಅವಧಿ ಮೊದಲು ಮುಗಿಯುವುದನ್ನು ಮೊದಲು ಹೊರಕಳುಹಿಸಬೇಕು. ಯಾವ ಬ್ಯಾಚು ಯಾವ ಅಂಗಡಿಗೆ ಹೋಯಿತೆಂದು ಬರೆದಿಟ್ಟಿದ್ದರೆ, ದೋಷ ಕಂಡ ದಿನ ಕೇವಲ ಆ ಪೆಟ್ಟಿಗೆಗಳನ್ನು ಹಿಂಪಡೆದು ಉಳಿದ ದಾಸ್ತಾನನ್ನು ಮಾರಾಟದಲ್ಲಿ ಮುಂದುವರಿಸಬಹುದು.