ಕೆರಳುವ ಕರುಳಿಗೆ ಊಟದ ಪಥ್ಯ

ಹೊಟ್ಟೆಯನ್ನು ಹಿಂಡಿದಂತೆ ನೋವು. ಶೌಚಕ್ಕೆ ಹೋಗಿಬಂದರೆ ತುಸು ಹಗುರ. ನಾಲ್ಕು ದಿನ ಭೇದಿ, ಮತ್ತೆ ನಾಲ್ಕು ದಿನ ಮಲಬದ್ಧತೆ. ಸಂಜೆಯಾಗುತ್ತಲೆ ಹೊಟ್ಟೆಯುಬ್ಬರ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಹಳ್ಳಿಗಳಲ್ಲಿ ಇದನ್ನು ವಾಯುವೆಂದೋ ಉಷ್ಣವೆಂದೋ ಹೇಳಿ ವರ್ಷಗಟ್ಟಲೆ ಸಹಿಸುವವರಿದ್ದಾರೆ. ವೈದ್ಯರು ಇದಕ್ಕೆ ಐ.ಬಿ.ಎಸ್. ಎನ್ನುತ್ತಾರೆ, ನಾವು ಕೆರಳುವ ಕರುಳು ಎನ್ನೋಣ. ಭಾರತದ ಜಠರರೋಗ ತಜ್ಞರ ಸಂಘವು ೨೦೦೮ರಲ್ಲಿ ಪ್ರಕಟಿಸಿದ ವರದಿಯಂತೆ, ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಈ ತೊಂದರೆಯುಂಟು.

ಈ ರೋಗದಲ್ಲಿ ಕರುಳಿಗೆ ಹುಣ್ಣಾಗಿರುವುದಿಲ್ಲ, ಗಡ್ಡೆ ಬೆಳೆದಿರುವುದಿಲ್ಲ. ಕರುಳಿನ ನರಗಳು ಅತಿ ಸೂಕ್ಷ್ಮವಾಗಿ, ಅದರ ಚಲನೆಯ ಲಯ ಕೆಟ್ಟಿರುತ್ತದೆ. ಇದು ಕ್ಯಾನ್ಸರಿಗೆ ತಿರುಗುವುದಿಲ್ಲ. ಕೆಲವರಿಗೆ ಮಳೆಗಾಲದ ಕೆಟ್ಟ ನೀರಿನಿಂದ ಬಂದ ಭೇದಿ ವಾಸಿಯಾದ ಮೇಲೆ ಇದು ಅಂಟಿಕೊಳ್ಳುತ್ತದೆ. ಬಾವಿಯ ನೀರನ್ನು ಕುದಿಸಿ ಕುಡಿಯಬೇಕೆನ್ನಲು ಇದೂ ಒಂದು ಕಾರಣ.

ಆದರೆ ಪಥ್ಯಕ್ಕೆ ಮೊದಲು ಪರೀಕ್ಷೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದೆಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ - ಇವುಗಳಲ್ಲಿ ಒಂದಿದ್ದರೂ ತಡಮಾಡದೆ ತಾಲೂಕು ಆಸ್ಪತ್ರೆಗೆ ಹೋಗತಕ್ಕದ್ದು. ಮಲಪರೀಕ್ಷೆ ಮಾಡಿಸದೆ ಅಂಗಡಿಯಿಂದ ಅಮೀಬಾದ ಮಾತ್ರೆ ತಂದು ಮತ್ತೆ ಮತ್ತೆ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಕೆರಳುವ ಕರುಳಿಗೆ ಅದರಿಂದ ಉಪಯೋಗವಿಲ್ಲ. ದುಡ್ಡೂ ಹೋಯಿತು, ಬಾಯಿ ರುಚಿಯೂ ಹೋಯಿತು.

ಇನ್ನು ಊಟ. ಕೆಲವು ಬಗೆಯ ಸಕ್ಕರೆಯಂಶಗಳು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ನೀರನ್ನೆಳೆದು, ಹುಳಿತು, ವಾಯುವಾಗುತ್ತವೆ. ಎಲ್ಲರಿಗೂ ಹೀಗಾಗುವುದುಂಟು, ಸೂಕ್ಷ್ಮ ಕರುಳಿನವರಿಗೆ ಮಾತ್ರ ಅದೇ ನೋವಾಗುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಪದಾರ್ಥಗಳನ್ನು ಅಳೆದು ನೋಡಿ ಫಾಡ್‌ಮ್ಯಾಪ್ ಎಂಬ ಪಥ್ಯವನ್ನು ರೂಪಿಸಿದ್ದಾರೆ. ಅವರ ಪಟ್ಟಿಯಲ್ಲಿ ಗೋಧಿ, ನೀರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳು, ಹಾಲು ಕೆರಳಿಸುವವುಗಳ ಸಾಲಿನಲ್ಲಿವೆ. ಅಕ್ಕಿ ನಿರಪಾಯದ ಸಾಲಿನಲ್ಲಿದೆ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಸೇಮಿಗೆ ಉಣ್ಣುವ ನಾವು ಅರ್ಧ ಪಥ್ಯವನ್ನು ಹುಟ್ಟಿನಿಂದಲೇ ಮಾಡುತ್ತಿದ್ದೇವೆ! ಪರೋಟ, ಬನ್ನು, ಬ್ರೆಡ್ಡುಗಳು ನಮ್ಮ ಊಟಕ್ಕೆ ಆಮೇಲೆ ಸೇರಿದವು.

ಹುರುಳಿ, ಅಲಸಂಡೆಕಾಳು, ಕಡಲೆಗಳನ್ನು ಇಡೀ ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ಕೆರಳಿಸುವ ಅಂಶ ಕಡಿಮೆಯಾಗುತ್ತದೆ. ಆಗಲೂ ಒಂದು ಸೌಟು ಸಾಕು. ಬೆಳ್ಳುಳ್ಳಿಯ ಆಸೆ ಬಿಡಲಾಗದಿದ್ದರೆ, ಎಸಳುಗಳನ್ನು ತೆಂಗಿನೆಣ್ಣೆಯಲ್ಲಿ ಹುರಿದು ತೆಗೆದುಹಾಕಿ, ಎಣ್ಣೆಯನ್ನು ಮಾತ್ರ ಒಗ್ಗರಣೆಗೆ ಬಳಸಬಹುದು. ಕೆರಳಿಸುವ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲ, ಪರಿಮಳ ಉಳಿಯುತ್ತದೆ. ಖಾರದ ಮೆಣಸು, ಕರಿದ ತಿಂಡಿ, ಸಪ್ಪೆ ಹೊಟ್ಟೆಯಲ್ಲಿ ಚಹಾ ಹಲವರಿಗೆ ಆಗದು. ಹಲಸಿನ ಬೀಜ ವಾಯು ತರುವುದು ಊರಿಗೇ ಗೊತ್ತು.

ಹಾಲು ಕುಡಿದು ಹೊಟ್ಟೆ ಗುಡುಗುವವರು ಮಜ್ಜಿಗೆಯನ್ನು ಬಿಡಬೇಕಾಗಿಲ್ಲ. ಹಾಲು ಹೆಪ್ಪಾಗುವಾಗ ಅದರ ಸಕ್ಕರೆ ಒಂದಿಷ್ಟು ಕಳೆಯುತ್ತದೆ. ನೀರು ಬೆರೆಸಿದಾಗ ಇನ್ನೂ ತೆಳುವಾಗುತ್ತದೆ. ಗ್ರಹಣಿ ರೋಗಕ್ಕೆ ಮಜ್ಜಿಗೆ ಪಥ್ಯವೆಂದು ಚರಕಸಂಹಿತೆಯೂ ಹೇಳಿದೆ.

ನಾರಿನ ಮಾತು ಬೇರೆ. ಗೋಧಿಯ ಬೂಸದಂಥ ಒರಟು ನಾರು ಈ ಕರುಳನ್ನು ಇನ್ನಷ್ಟು ಕೆರಳಿಸಬಹುದು. ನೀರಿನಲ್ಲಿ ಲೋಳೆಯಾಗುವ ಇಸಬ್ಗೋಲು ಭೇದಿಗೂ ಮಲಬದ್ಧತೆಗೂ ಹಿತ. ಒಂದು ಚಮಚದಿಂದ ಆರಂಭಿಸಿ, ತುಂಬ ನೀರಿನೊಡನೆ ಸೇವಿಸಬೇಕು. ಆಟಿ ಅಮಾವಾಸ್ಯೆಯಂದು ಹಾಲೆಮರದ ಕಷಾಯದ ನಂತರ ಉಣ್ಣುವ ಮೆಂತೆಗಂಜಿಯಲ್ಲಿಯೂ ಇಂಥ ಲೋಳೆನಾರು ಉಂಟು. ಗಂಜಿಯನ್ನು ಬೇರೆ ದಿನಗಳಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಉಂಡು ನೋಡಬಹುದು. ಕಷಾಯ ಮಾತ್ರ ವರ್ಷಕ್ಕೊಮ್ಮೆಯ ಆಚರಣೆಯಾಗಿಯೇ ಇರಲಿ, ಅದನ್ನು ಹೊಟ್ಟೆನೋವಿನ ಮದ್ದಾಗಿ ಮಾಡಿಕೊಳ್ಳಬಾರದು.

ಬೀಡಿ ಕಟ್ಟುವ ತಾಯಂದಿರು ಬೆಳಗಿನ ತಿಂಡಿ ಬಿಟ್ಟು, ಚಹಾ ಮತ್ತು ಎಲೆಯಡಿಕೆಯಲ್ಲಿ ಮಧ್ಯಾಹ್ನದವರೆಗೆ ಕುಳಿತು, ಆಮೇಲೆ ಒಮ್ಮೆಲೆ ಹೊಟ್ಟೆತುಂಬ ಉಣ್ಣುವುದುಂಟು. ಅದೇ ಅನ್ನವನ್ನು ಮೂರು ನಾಲ್ಕು ಸಲವಾಗಿ ಉಂಡು, ನಡುವೆ ಎದ್ದು ಅಂಗಳದಲ್ಲಿ ನಡೆದಾಡಿದರೆ ಕರುಳಿಗೆ ಎಷ್ಟೋ ನೆಮ್ಮದಿ.

ದೊಡ್ಡ ತಪ್ಪು ಯಾವುದೆಂದರೆ, ನೋವಿಗೆ ಹೆದರಿ ಒಂದೊಂದಾಗಿ ಎಲ್ಲವನ್ನೂ ಬಿಡುವುದು. ಬೇಳೆ ಬಿಟ್ಟರು, ಹಾಲು ಬಿಟ್ಟರು, ಮೀನು ಬಿಟ್ಟರು. ಕೊನೆಗೆ ಗಂಜಿ ಮತ್ತು ಉಪ್ಪಿನಕಾಯಿ ಉಳಿಯಿತು. ರೋಗ ಕೊಲ್ಲುವುದಿಲ್ಲ, ಈ ಬಗೆಯ ಪಥ್ಯ ದೇಹವನ್ನು ಸೊರಗಿಸುತ್ತದೆ. ಮೀನಿನಲ್ಲಾಗಲಿ ಮೊಟ್ಟೆಯಲ್ಲಾಗಲಿ ಹುಳಿಯುವ ಸಕ್ಕರೆಯೇ ಇಲ್ಲ, ಬಿಡಲು ಕಾರಣವಿಲ್ಲ.

ಆದುದರಿಂದ ಮಗುವಿನ ಹಳೆಯ ನೋಟುಪುಸ್ತಕವೊಂದನ್ನು ತೆಗೆದುಕೊಳ್ಳಿ. ಎರಡು ವಾರ ಉಂಡದ್ದು, ನೋವು ಬಂದ ಹೊತ್ತು, ಶೌಚದ ರೀತಿ ಬರೆದಿಡಿ. ಸಂಶಯಕ್ಕೆ ಸಿಕ್ಕಿದ ಪದಾರ್ಥಗಳನ್ನು ನಾಲ್ಕರಿಂದ ಆರು ವಾರ ಮಾತ್ರ ಬಿಡಿ. ಬಳಿಕ ಒಂದನ್ನೇ ಮರಳಿ ತನ್ನಿ: ಮೊದಲ ದಿನ ಸ್ವಲ್ಪ, ಎರಡನೆಯ ದಿನ ಇನ್ನಷ್ಟು, ಮೂರನೆಯ ದಿನ ಎಂದಿನಷ್ಟು. ನೋವು ಬಾರದಿದ್ದರೆ ಅದು ಬಟ್ಟಲಿನಲ್ಲಿಯೇ ಉಳಿಯಲಿ, ಮುಂದಿನದನ್ನು ನೋಡಿ. ವೈದ್ಯರ ಬಳಿಗೆ ಹೋಗುವಾಗ ಆ ಪುಸ್ತಕವನ್ನು ಮರೆಯದೆ ಕೊಂಡುಹೋಗಿ.