ನೀರು ಕೇಳುವುದೂ ಭಕ್ತಿಯೇ

ಓದಿಕೊಳ್ಳಬೇಕಾದ ಭಾಗಗಳು: 1 ಅರಸುಗಳು 19:1–8, ಮತ್ತಾಯ 10:40–42, ಯೊವಾನ್ನ 4:1–42

ತಪಸ್ಸುಕಾಲ ಬಂತೆಂದರೆ ನಮ್ಮ ಮಂಡ್ಯ ಸೀಮೆಗೆ ಬಿಸಿಲೂ ಬಂತೆಂದೇ ಲೆಕ್ಕ. ಬೂದಿ ಬುಧವಾರದ ಹೊತ್ತಿಗೆ ಗಾಳಿ ಒಣಗತೊಡಗುತ್ತದೆ. ಗರಿಗಳ ಭಾನುವಾರದ ಹೊತ್ತಿಗೆ ಬಿಸಿಲು 35 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಮಧ್ಯಾಹ್ನದ ಡಾಂಬರು ರಸ್ತೆಯಂತೂ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಇದೇ ದಿನಗಳಲ್ಲಿ ಶಿವರಾತ್ರಿಗೂ ಯುಗಾದಿಗೂ ನಮ್ಮ ನೆರೆಹೊರೆಯ ಹಿಂದೂ ಬಂಧುಗಳು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಗುಂಪುಗುಂಪಾಗಿ ಹೊರಟು ಕೊಳ್ಳೇಗಾಲ, ಹನೂರು ದಾಟಿ, ತಾಳಬೆಟ್ಟದ ಬುಡದಿಂದ ಮಲೆಯನ್ನು ಹತ್ತುತ್ತಾರೆ. ನೂರು ಕಿಲೋಮೀಟರಿಗೂ ಮೀರಿದ ನಡಿಗೆ. ಹಲವು ಹಗಲು, ಹಲವು ರಾತ್ರಿ.

ಈ ನಡಿಗೆಯವರಿಂದ ನಮ್ಮ ಕ್ರೈಸ್ತ ಕುಟುಂಬಗಳು ಕಲಿಯಬೇಕಾದ ಒಂದು ಪಾಠವಿದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ.

ಒಂದು ಹರಕೆಯ ಕಥೆ

ಕೆಲವು ವರ್ಷಗಳ ಹಿಂದೆ ನಮ್ಮ ಭಾವನವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಅದು ಸುಸೂತ್ರವಾಗಿ ಮುಗಿದರೆ ತಪಸ್ಸುಕಾಲದಲ್ಲಿ ಮದ್ದೂರಿನಿಂದ ಮಳವಳ್ಳಿಯವರೆಗೆ ನಡೆದುಹೋಗುತ್ತೇನೆಂದು ನಾನು ಹರಕೆ ಹೊತ್ತೆ. ದೇವರ ದಯೆಯಿಂದ ಭಾವ ಚೇತರಿಸಿಕೊಂಡರು. ಹೊರಡುವ ದಿನ ಅಕ್ಕನ ಮಗ, ಹದಿಮೂರು ವರ್ಷದ ಹುಡುಗ, ತಾನೂ ಬರುತ್ತೇನೆಂದು ಹಟ ಹಿಡಿದ. ನನಗೂ ಸಂತೋಷವೇ ಆಯಿತು.

ಬೆಳಗಿನ ಪೂಜೆ ಮುಗಿಸಿ, ತಿಂಡಿ ತಿಂದು ಹೊರಡುವಾಗ ಎಂಟೂವರೆ ಗಂಟೆ. ಇದು ಮೊದಲನೆಯ ತಪ್ಪು. ಇಬ್ಬರಿಗೂ ಸೇರಿ ಎರಡು ಬಾಟಲಿ ನೀರು. ಇದು ಎರಡನೆಯದು. ಮೂರನೆಯದನ್ನು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ. ದಾರಿಯಲ್ಲಿ ಹುಡುಗ ಒಮ್ಮೆ ಬಾಟಲಿಗೆ ಕೈ ಹಾಕಿದಾಗ, "ಇದು ನಿಮ್ಮಪ್ಪನಿಗಾಗಿ ಮಾಡುವ ತಪಸ್ಸು ಕಣೋ, ಸ್ವಲ್ಪ ತಡೆದುಕೋ" ಎಂದುಬಿಟ್ಟೆ. ಆಮೇಲೆ ಅವನು ಕೇಳಲೇ ಇಲ್ಲ. ಅವನು ಕೇಳದ್ದನ್ನು ಭಕ್ತಿಯೆಂದು ನಾನು ಮೆಚ್ಚಿಕೊಂಡೆ.

ಕೆ.ಎಂ. ದೊಡ್ಡಿ ದಾಟುವಾಗ ಮಧ್ಯಾಹ್ನ ಹನ್ನೆರಡಾಗಿತ್ತು. ರಸ್ತೆಯ ಎರಡೂ ಕಡೆ ಕಬ್ಬು, ಅದರಾಚೆ ನಾಲೆ. ಹುಡುಗ ಕಾಲು ಎಳೆಯುತ್ತಿದ್ದ. ತಲೆನೋವೆಂದ. ಇನ್ನೊಂದು ಫರ್ಲಾಂಗು ನಡೆಯುವುದರೊಳಗೆ ವಾಂತಿ ಮಾಡಿಕೊಂಡು ಕುಸಿದು ಕೂತ. ಮುಂದೆ ಹೊಂಗೆಮರದಡಿ ತೆಂಗಿನ ಗರಿಯ ಚಪ್ಪರವೊಂದಿತ್ತು. ಮಾದಪ್ಪನ ಬೆಟ್ಟಕ್ಕೆ ನಡೆಯುವವರಿಗೆಂದು ಊರಿನವರು ಇಟ್ಟಿದ್ದ ಅರವಟ್ಟಿಗೆ. ಅವನನ್ನು ಎತ್ತಿಕೊಂಡು ಅಲ್ಲಿಗೆ ಹೋದೆ.

ಮಜ್ಜಿಗೆ ಹೊಯ್ಯುತ್ತಿದ್ದ ಅಜ್ಜಿ ಒಮ್ಮೆ ಹುಡುಗನನ್ನು, ಒಮ್ಮೆ ನನ್ನನ್ನು ನೋಡಿದರು. "ಯಾಕಪ್ಪಾ, ಮಗೀನ ಇಂಗೆ ಒಣಗಾಕಿದ್ದೀಯಾ? ಮಲಗ್ಸು ಮೊದ್ಲು" ಎಂದು ಗದರಿದರು. ಟವೆಲ್ಲನ್ನು ನೀರಿನಲ್ಲಿ ಅದ್ದಿ ಕುತ್ತಿಗೆಗೂ ಕಂಕುಳಿಗೂ ಇಟ್ಟರು. ಇನ್ನೊಬ್ಬರು ರಟ್ಟಿನಿಂದ ಗಾಳಿ ಹಾಕಿದರು. ಹುಡುಗನಿಗೆ ಪ್ರಜ್ಞೆ ಇತ್ತು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ. ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. ನನಗೆ ಸಂಕೋಚವಾಗಿ, "ನಾವು ಬೆಟ್ಟಕ್ಕೆ ಹೋಗೋರಲ್ಲ ಅಜ್ಜಿ, ನಾವು ಚರ್ಚಿನೋರು" ಎಂದೆ. "ಅದ್ನ ಆಮ್ಯಾಕೆ ಹೇಳೀವಂತೆ, ಆ ಲೋಟ ಹಿಡ್ಕೊ" ಎಂದರು.

ಅರ್ಧ ಗಂಟೆಯ ಮೇಲೆ ಹುಡುಗ ಎದ್ದು ಕೂತ. ನೀರು ಯಾಕೆ ಕೇಳಲಿಲ್ಲವೆಂದು ಕೇಳಿದೆ. ತಲೆ ತಗ್ಗಿಸಿ ಹೇಳಿದ: "ಕೇಳಿದ್ರೆ ಹರಕೆ ಮುರ್ದು ಅಪ್ಪಂಗೆ ಏನಾದ್ರೂ ಆಗ್ಬೋದು ಅಂತ ಸುಮ್ನಿದ್ದೆ ಮಾವ."

ಆ ಮಾತು ನನ್ನ ಎದೆಗೆ ನಾಟಿತು. ಪ್ರೀತಿಯ ತಂದೆಯಾದ ದೇವರನ್ನು, ಒಂದು ಗುಟುಕು ನೀರಿಗೆ ಅಪ್ಪನ ಪ್ರಾಣ ಕೇಳುವ ಸಾಲಗಾರನಂತೆ ಆ ಮಗುವಿಗೆ ತೋರಿಸಿದವನು ನಾನು. ಅಲ್ಲಿಂದ ಬಸ್ಸು ಹತ್ತಿ ಮಳವಳ್ಳಿ ಸೇರಿದೆವು.

ಧರ್ಮಸಭೆ ಏನು ಹೇಳುತ್ತದೆ?

ಮುಂದಿನ ಭಾನುವಾರ ನಮ್ಮ ಗುರುಗಳಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಅವರು ಬೈಯಲಿಲ್ಲ. ಧರ್ಮಸಭೆಯ ಕಾನೂನನ್ನು ಬಿಡಿಸಿ ಹೇಳಿದರು. ನಮ್ಮ ಎಲ್ಲ ಮನೆಗಳಿಗೂ ಬೇಕಾದ ತಿಳಿವಳಿಕೆಯಾದ್ದರಿಂದ ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಹರಕೆ ಅದನ್ನು ಹೊತ್ತವರನ್ನು ಮಾತ್ರ ಕಟ್ಟುತ್ತದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1193ನೇ ವಿಧಿಯ ಸಾರ ಇದು. ನಾನು ಹೊತ್ತ ಹರಕೆಯ ಭಾರವನ್ನು ಮಗುವಿನ ಹೆಗಲಿಗೆ ದಾಟಿಸಲು ನನಗೆ ಹಕ್ಕಿರಲಿಲ್ಲ. ನಿಜವಾದ ಕಾರಣವಿದ್ದರೆ ಇಂಥ ಖಾಸಗಿ ಹರಕೆಯಿಂದ ಬಿಡುಗಡೆ ಕೊಡಲು ಧರ್ಮಕೇಂದ್ರದ ಗುರುಗಳಿಗೆ ಅಧಿಕಾರವಿದೆ (ವಿಧಿ 1196). ಹೊತ್ತವರೇ ಅದನ್ನು ಅಷ್ಟೇ ಒಳ್ಳೆಯ ಅಥವಾ ಇನ್ನೂ ಒಳ್ಳೆಯ ಕಾರ್ಯಕ್ಕೆ ಬದಲಾಯಿಸಿಕೊಳ್ಳಬಹುದು (ವಿಧಿ 1197).

ಎರಡನೆಯದಾಗಿ, ತಪಸ್ಸುಕಾಲದ ಉಪವಾಸದ ನಿಯಮ 18 ವರ್ಷ ತುಂಬಿದವರಿಂದ ಹಿಡಿದು 59 ವರ್ಷ ತುಂಬುವವರೆಗೆ ಮಾತ್ರ. ಮಾಂಸ ವರ್ಜಿಸುವ ನಿಯಮ 14 ವರ್ಷ ತುಂಬಿದವರಿಗೆ (ವಿಧಿ 1252). ನೀರು ಬಿಡಬೇಕೆಂಬ ನಿಯಮ ಯಾರಿಗೂ ಇಲ್ಲ.

ಮೂರನೆಯದಾಗಿ, ಪರಮಪ್ರಸಾದಕ್ಕೆ ಮುಂಚಿನ ಉಪವಾಸವನ್ನೇ ನೋಡಿ. ಹಿಂದೆ ನಡುರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ಜಗದ್ಗುರು 12ನೇ ಪಿಯುಸರು, ನೀರು ಈ ಉಪವಾಸವನ್ನು ಮುರಿಯುವುದಿಲ್ಲವೆಂದು ಸಾರಿದರು. 1964ರಲ್ಲಿ ಜಗದ್ಗುರು 6ನೇ ಪೌಲರು ಉಪವಾಸವನ್ನು ಒಂದು ಗಂಟೆಗೆ ಇಳಿಸಿದರು. ಇಂದಿನ 919ನೇ ವಿಧಿಯೂ ನೀರಿಗೆ ಮತ್ತು ಔಷಧಿಗೆ ಅಡ್ಡಿಯಿಲ್ಲವೆನ್ನುತ್ತದೆ. ಬಲಿಪೀಠದ ಮುಂದೆ ನಿಲ್ಲುವಾಗಲೇ ಧರ್ಮಸಭೆ ತಡೆಯದ ನೀರನ್ನು ನಾನು ಮದ್ದೂರು ರಸ್ತೆಯಲ್ಲಿ ತಡೆದಿದ್ದೆ!

ಬಾವಿಯ ಕಟ್ಟೆಯ ಮೇಲೆ ಪ್ರಭು

ಪವಿತ್ರ ಗ್ರಂಥದಲ್ಲಿ ಕಾಲ್ನಡಿಗೆಯವರು ತುಂಬಾ ಜನ. ಪ್ರವಾದಿ ಎಲೀಯ ಮರಳುಗಾಡಿನಲ್ಲಿ ಒಂದು ದಿನದ ದಾರಿ ನಡೆದು, ಗಿಡವೊಂದರ ಕೆಳಗೆ ಕುಸಿದು, ಸಾವನ್ನೇ ಬೇಡಿಕೊಂಡರು. ದೇವದೂತ ಬಂದು ಅವರಿಗೆ ಉಪದೇಶ ಮಾಡಲಿಲ್ಲ, ಅಳುಕಿದ್ದಕ್ಕೆ ಹೀಯಾಳಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ಇಟ್ಟು ಎಬ್ಬಿಸಿದ. ಅವರು ತಿಂದು ಮತ್ತೆ ಮಲಗಿದರು. ಎರಡನೆಯ ಸಲವೂ ಹಾಗೆಯೇ ಉಣಿಸಿದ. ಆಮೇಲೆಯೇ ಹೋರೇಬ್ ಬೆಟ್ಟದವರೆಗಿನ ನಲವತ್ತು ದಿನಗಳ ದಾರಿ. ನಿದ್ದೆ, ಅನ್ನ, ನೀರು, ಆಮೇಲೆ ಬೆಟ್ಟ. ದೇವರು ಇಟ್ಟ ಕ್ರಮ ಇದು.

ನಮ್ಮ ಪ್ರಭುವನ್ನೇ ನೋಡಿ. ಸಮಾರಿಯದ ದಾರಿಯಲ್ಲಿ ನಡೆದು ದಣಿದು, ನಡುಹಗಲಿನಲ್ಲಿ ಯಕೋಬನ ಬಾವಿಯ ಬಳಿ ಕುಳಿತರು. ನೀರು ಸೇದಲು ಬಂದ ಪರಜಾತಿಯ ಹೆಂಗಸಿನ ಹತ್ತಿರ ತಾವಾಗಿಯೇ ಕುಡಿಯಲು ನೀರು ಕೇಳಿದರು. ಶಿಲುಬೆಯ ಮೇಲೂ ತಮ್ಮ ದಾಹವನ್ನು ಬಾಯಿಬಿಟ್ಟು ಹೇಳಿಕೊಂಡರು. ಲೋಕಕ್ಕೆ ಜೀವಜಲ ಕೊಡುವವರು ಒಂದು ಲೋಟ ನೀರು ಕೇಳಲು ನಾಚಲಿಲ್ಲ. ಆ ಕೇಳಿಕೆಯಿಂದಲೇ ಆ ಹೆಂಗಸಿನ ಬಾಳು ತಿರುಗಿತು, ಅವಳ ಊರಿಗೆ ಊರೇ ನಂಬಿತು.

ಕೊಡುವುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಾಣಿಕೆ ಪೆಟ್ಟಿಗೆಗೆ ಹಾಕಲು ಕೈಗೆ ನಾಣ್ಯ ಕೊಡುತ್ತೇವೆ. ಆದರೆ ಕೇಳುವುದನ್ನು, ಪಡೆಯುವುದನ್ನು ಕಲಿಸುವುದಿಲ್ಲ. ಶಿಷ್ಯರಿಗೆ ತಣ್ಣೀರು ಕೊಟ್ಟವರಿಗೆ ಪ್ರತಿಫಲ ತಪ್ಪದೆಂದು ಪ್ರಭು ಹೇಳಿದ್ದು ನಮಗೆ ಗೊತ್ತು. ಆದರೆ ಅಲ್ಲಿ ಶಿಷ್ಯನ ಸ್ಥಾನ ಯಾವುದು? ಲೋಟ ಹಿಡಿದು ಕುಡಿಯುವವನ ಸ್ಥಾನ!

ನಡೆಯುವವರ ಒಂದು ದಿನ

ಬೆಟ್ಟಕ್ಕೆ ನಡೆದು ಪಳಗಿದವರು ಬಿಸಿಲಿನೊಡನೆ ಜಿದ್ದಿಗೆ ಬೀಳುವುದಿಲ್ಲ. ಅವರ ದಿನಚರಿಯನ್ನು ಆಮೇಲೆ ಕೇಳಿ ತಿಳಿದುಕೊಂಡೆ.

ನಸುಕಿನ ನಾಲ್ಕಕ್ಕೆ ಹೊರಡುತ್ತಾರೆ. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ನಡೆದರೂ ಒಂಬತ್ತರ ಹೊತ್ತಿಗೆ 20 ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ಮದ್ದೂರಿನಿಂದ ಮಂಡ್ಯದವರೆಗಿನ ದೂರ. ಆಮೇಲೆ ಮರದ ನೆರಳೋ, ಶಾಲೆಯ ಜಗಲಿಯೋ, ಗುಡಿಯ ಅಂಗಳವೋ ಸಿಕ್ಕಲ್ಲಿ ಇಳಿದುಕೊಳ್ಳುತ್ತಾರೆ. ಅಡಿಗೆ ಪಾತ್ರೆಗಳು ಟೆಂಪೋದಲ್ಲಿ ಮುಂದೆ ಬಂದಿರುತ್ತವೆ. ಮುದ್ದೆ ಸಾರು, ಚಿತ್ರಾನ್ನ, ಮೊಸರನ್ನ, ರಾಗಿ ಅಂಬಲಿ. ಊಟವಾದ ಮೇಲೆ ನಿದ್ದೆ. ನಾಲ್ಕೂವರೆಗೆ ಬಿಸಿಲು ತಗ್ಗಿದ ಮೇಲೆ ಮತ್ತೆ ನಡಿಗೆ. ರಾತ್ರಿ ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲಿಟ್ಟು, ಕೊಬ್ಬರಿ ಎಣ್ಣೆ ಸವರಿ ಮಲಗುತ್ತಾರೆ. ಬೊಬ್ಬೆಯನ್ನು ಕೀಳುವುದಿಲ್ಲ. ತಲೆಯ ಮೇಲೆ ಒದ್ದೆ ಟವೆಲ್ಲು ತಪ್ಪುವುದಿಲ್ಲ.

ಅವರಲ್ಲಿ ಇನ್ನೊಂದು ಪದ್ಧತಿಯಿದೆ. ಗುಂಪಿನ ನಡಿಗೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಲೆಕ್ಕದಲ್ಲಿ ಸಾಗುತ್ತದೆ. ಮುದುಕಿಯೊಬ್ಬಳು ಕೂತರೆ ಎಲ್ಲರೂ ಕೂರುತ್ತಾರೆ. ಅರವಟ್ಟಿಗೆ ಬಂದರೆ ಬಾಟಲಿ ತುಂಬಿದ್ದರೂ ನಿಂತು ಕುಡಿಯುತ್ತಾರೆ, ಕೊಟ್ಟವರಿಗೆ ಕೈ ಮುಗಿಯುತ್ತಾರೆ.

ಭೂದಾನಕ್ಕಾಗಿ ವರ್ಷಗಟ್ಟಲೆ ದೇಶ ಸುತ್ತಿ, 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದ ಸಮ್ಮೇಳನಕ್ಕೂ ಬಂದಿದ್ದ ವಿನೋಬಾ ಭಾವೆಯವರ ಪದ್ಧತಿಯೂ ಇದೇ. ಬೆಳಕು ಹರಿಯುವ ಮುಂಚೆಯೇ ನಡಿಗೆ ಆರಂಭ.

ಮನೆಯವರ ಎಚ್ಚರಕ್ಕೆ

ತಪಸ್ಸುಕಾಲದಲ್ಲಿ ನಡೆದು ಹೋಗಬೇಕೆಂದಿರುವ ಕುಟುಂಬಗಳು ಇವನ್ನು ಗಮನಿಸಲಿ.

1. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಡೆಯಬೇಡಿ. ಹೊರಡುವ ಒಂದೆರಡು ವಾರ ಮುಂಚಿನಿಂದ ದಿನಾ ಸ್ವಲ್ಪ ಸ್ವಲ್ಪ ನಡೆದು ಮೈಯನ್ನು ಬಿಸಿಲಿಗೆ ಒಗ್ಗಿಸಿಕೊಳ್ಳಿ.

2. ಬಾಯಾರುವವರೆಗೆ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಮಜ್ಜಿಗೆ, ಎಳನೀರು ಒಳ್ಳೆಯದು. ಮದ್ದೂರಿನ ಎಳನೀರು ಹೆಸರಾದದ್ದೇ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಕಲಸಿಕೊಳ್ಳಿ.

3. ತಲೆಸುತ್ತು, ತಲೆನೋವು, ವಾಂತಿ, ಸ್ನಾಯುಸೆಳೆತ ಕಂಡರೆ ನಡಿಗೆ ನಿಲ್ಲಿಸಿ, ನೆರಳಿಗೆ ಬನ್ನಿ, ಮೈಗೆ ಒದ್ದೆ ಬಟ್ಟೆ ಹಾಕಿ. ಮಾತು ತೊದಲಿದರೆ, ತಬ್ಬಿಬ್ಬಾದರೆ, ಪ್ರಜ್ಞೆ ತಪ್ಪಿದರೆ ಅದು ಪ್ರಾಣಾಪಾಯದ ಸೂಚನೆ. ಬಾಯಿಗೆ ಏನನ್ನೂ ಹಾಕದೆ, ಮೈಗೆ ನೀರು ಹಾಕುತ್ತಾ ಗಾಳಿ ಬೀಸಿ, ಕೂಡಲೇ 108ಕ್ಕೆ ಕರೆ ಮಾಡಿ.

4. ಸೆಕೆಯೆಂದು ವಿಶ್ವೇಶ್ವರಯ್ಯ ನಾಲೆಗೆ ಇಳಿಯಬೇಡಿ. ಅದರ ಸೆಳೆತ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

5. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆ ನಡೆಯುವವರಿಗಲ್ಲ. ಪಕ್ಕದ ಸರ್ವಿಸ್ ರಸ್ತೆಯನ್ನೋ ಹಳ್ಳಿಯ ದಾರಿಯನ್ನೋ ಹಿಡಿಯಿರಿ. ಹಿಂದಿದ್ದ ಸಾಲುಮರಗಳ ನೆರಳು ಈಗ ಹಲವೆಡೆ ಇಲ್ಲವೆಂಬುದೂ ನೆನಪಿರಲಿ.

6. ಮಕ್ಕಳು, ವೃದ್ಧರು, ಬಸುರಿಯರು, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಹೊರಡಬಾರದು. ಮಗು ನೀರು ಕೇಳಲೆಂದು ಕಾಯಬೇಡಿ, ನೀವೇ ಕೊಡಿ.

ಮನೆಯೂ ಒಂದು ದಾರಿ

ದಾಹವನ್ನು ಬಚ್ಚಿಟ್ಟುಕೊಂಡು ನಡೆಯುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದದ್ದನ್ನು ಉಣ್ಣುವ ತಾಯಿ, ಸಾಲದ ಚಿಂತೆಯನ್ನು ಹೆಂಡತಿಗೂ ಹೇಳದ ತಂದೆ, ಪರೀಕ್ಷೆಯ ಭಯವನ್ನು ಅಡಗಿಸಿಕೊಂಡ ಮಗಳು. ಇವರ ಮೌನವನ್ನು ತಾಳ್ಮೆಯೆಂದು ಹೊಗಳಿ ಸುಮ್ಮನಾಗುತ್ತೇವೆ. ಅದು ಭಯವೋ ಭಕ್ತಿಯೋ ಎಂದು ನಿಂತು ಕೇಳುವವರು ಯಾರು? ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ಇಡೀ ಮನೆ ಹೆಜ್ಜೆ ಹಾಕಿದರೆ ಅದೇ ದೊಡ್ಡ ತಪಸ್ಸು.

ಉಳಿದ ಹರಕೆಯನ್ನು ನಾನು ಮತ್ತೆ ನಡೆದು ತೀರಿಸಲಿಲ್ಲ. ಗುರುಗಳ ಒಪ್ಪಿಗೆ ಪಡೆದು, ಮರುವರ್ಷದ ತಪಸ್ಸುಕಾಲದಲ್ಲಿ ಭಾವನವರು, ಅಕ್ಕ, ಹುಡುಗ, ನಾನು ಸೇರಿ ರಸ್ತೆಯ ಪಕ್ಕದಲ್ಲಿ ಒಂದು ಅರವಟ್ಟಿಗೆ ಇಟ್ಟೆವು. ಬೆಟ್ಟಕ್ಕೆ ಹೋಗುವವರು, ಕಬ್ಬು ಕಡಿಯುವವರು, ದನ ಕಾಯುವವರು, ಎಲ್ಲರೂ ನಿಂತು ಕುಡಿದರು. ಲೋಟ ಕೊಡುತ್ತಿದ್ದವನು ನಮ್ಮ ಹುಡುಗ. ಮಕ್ಕಳು ಬಂದರೆ ಅವರು ಕೇಳುವ ಮೊದಲೇ ಎದ್ದು ಹೋಗಿ ಕೊಡುತ್ತಿದ್ದ.

ಕುಟುಂಬ ಪ್ರಾರ್ಥನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಸಹಾಯ ಕೇಳಲು ಅಳುಕುವವರು ಯಾರು? ಯಾಕೆ?

2. ನಾವು ಹೊತ್ತ ಹರಕೆಯ ಭಾರ ಬೇರೆಯವರ ಮೇಲೆ ಬಿದ್ದಿದೆಯೇ?

3. ಈ ವಾರ ನಾವು ಯಾರಿಂದ ಏನನ್ನು ಕೃತಜ್ಞತೆಯಿಂದ ಪಡೆದೆವು?

ಪ್ರಾರ್ಥನೆ: ದಣಿದು ಬಾವಿಯ ಬಳಿ ಕುಳಿತ ಯೇಸುಸ್ವಾಮಿ, ನಮ್ಮ ದಾಹವನ್ನು ನಾಚದೆ ಹೇಳಿಕೊಳ್ಳುವ ಸರಳತೆಯನ್ನು ಕೊಡಿ. ಪಕ್ಕದಲ್ಲಿ ನಡೆಯುವವರ ದಾಹವನ್ನು ಅವರು ಹೇಳುವ ಮುಂಚೆಯೇ ಕಾಣುವ ಕಣ್ಣನ್ನು ಕೊಡಿ. ಆಮೆನ್.