ಶಸ್ತ್ರಕ್ರಿಯೆಯ ನಡುವೆ ನಾಡಿ ನಿಧಾನವಾದಾಗ

ವೈದ್ಯನಲ್ಲದ, ಲೆಕ್ಕಪತ್ರಗಳ ನಡುವೆ ಬಾಳುವ ಬ್ಯಾಂಕ್ ಅಧಿಕಾರಿಯಾದ ನಾನು ಈ ವಿಷಯವನ್ನು ಕುರಿತು ಬರೆಯಲು ಕಾರಣವೊಂದುಂಟು. ನನ್ನ ತಂಗಿಯ ಆರು ವರ್ಷದ ಮಗನಿಗೆ ಮೆಳ್ಳೆಗಣ್ಣಿನ ಶಸ್ತ್ರಕ್ರಿಯೆ ನಡೆಯಿತು. ಶಸ್ತ್ರವೈದ್ಯರು ಕಣ್ಣಿನ ಸ್ನಾಯುವನ್ನು ಎಳೆದೊಡನೆ, ನಿಮಿಷಕ್ಕೆ 110 ಇದ್ದ ನಾಡಿ 55ಕ್ಕೆ ಇಳಿಯಿತಂತೆ. ಅರಿವಳಿಕೆ ವೈದ್ಯರು "ಬಿಡಿ" ಎಂದರು, ಎಳೆತ ನಿಂತಿತು, ಕೆಲವೇ ಕ್ಷಣಗಳಲ್ಲಿ ನಾಡಿ ಮೊದಲಿನಂತಾಯಿತು. ಹೊರಗೆ ಕುಳಿತಿದ್ದ ನಮಗೆ ಇದು ತಿಳಿದದ್ದು ಆಮೇಲೆ. ಕಣ್ಣಿಗೂ ಹೃದಯಕ್ಕೂ ಎಲ್ಲಿಯ ನಂಟು?

ಧೂಳು ಹಾರಿದರೆ ರೆಪ್ಪೆ ನಮ್ಮನ್ನು ಕೇಳದೆಯೇ ಮುಚ್ಚಿಕೊಳ್ಳುತ್ತದೆ. ಇಂಥ ಅನೈಚ್ಛಿಕ ಕ್ರಿಯೆಗೆ ಪ್ರತಿವರ್ತನೆ ಎಂದು ಹೆಸರು. ಕಣ್ಣುಗುಡ್ಡೆಯನ್ನು ಒತ್ತಿದಾಗ, ಅದರ ಸ್ನಾಯುವನ್ನು ಎಳೆದಾಗ ಹೊರಡುವ ಸಂದೇಶವು ಟ್ರೈಜೆಮಿನಲ್ ನರದ ಮೂಲಕ ಮಿದುಳಿನ ಬುಡವನ್ನು ಸೇರುತ್ತದೆ. ಅಲ್ಲಿಂದ ವೇಗಸ್ ನರವು "ನಿಧಾನಿಸು" ಎಂಬ ಆಜ್ಞೆಯನ್ನು ಹೃದಯಕ್ಕೆ ಒಯ್ಯುತ್ತದೆ. ಆಸ್ಟ್ರಿಯದ ಬರ್ನ್‌ಹಾರ್ಡ್ ಆಶ್ನರ್ ಹಾಗೂ ಇಟಲಿಯ ಜುಸೆಪ್ಪೆ ದಾಗ್ನೀನಿ ಇದನ್ನು 1908ರಲ್ಲಿ ವರ್ಣಿಸಿದರು. ಇದು ಮಕ್ಕಳಲ್ಲಿ ಹೆಚ್ಚು. ಉದರದ ಒಳಪೊರೆಯನ್ನು ಎಳೆದಾಗ ಅಥವಾ ಹಿಗ್ಗಿಸಿದಾಗಲೂ ವೇಗಸ್ ನರ ಹೀಗೆಯೇ ಕೆರಳಬಹುದು.

ನಾಡಿ ಇಳಿದರೆ ರಕ್ತದೊತ್ತಡವೇಕೆ ಇಳಿಯಬೇಕು? ಇದು ಸರಳ ಗುಣಾಕಾರ. ವಯಸ್ಕರ ಹೃದಯವು ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ನಿಮಿಷಕ್ಕೆ 70 ಬಡಿತವಾದರೆ ಸುಮಾರು 5 ಲೀಟರ್; ಬಡಿತ 35ಕ್ಕೆ ಇಳಿದು ಉಳಿದದ್ದೆಲ್ಲ ಹಾಗೆಯೇ ಇದ್ದರೆ ಅದರ ಅರ್ಧ. ಬೆನ್ನಿಗೆ ಚುಚ್ಚುವ ಅರಿವಳಿಕೆಯಲ್ಲಿ ಮತ್ತೊಂದು ಕಾರಣವೂ ಸೇರುತ್ತದೆ: ರಕ್ತನಾಳಗಳು ಸಡಿಲಗೊಂಡು ರಕ್ತವು ಕಾಲುಗಳಲ್ಲಿ ತಂಗುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ.

ಗಾಬರಿ ಬೇಡ. ಪ್ರಚೋದನೆಯನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಬಹುತೇಕ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ವೇಗಸ್ ನರದ ಪ್ರಭಾವವನ್ನು ತಡೆಯುವ ಅಟ್ರೋಪಿನ್ ಇದೆ. ಒತ್ತಡವನ್ನೇರಿಸಲು ದ್ರವ, ಔಷಧಿಗಳಿವೆ. ಅಪರೂಪಕ್ಕೆ ಹೃದಯ ಕ್ಷಣಕಾಲ ನಿಲ್ಲುವುದೂ ಉಂಟಾದ್ದರಿಂದಲೇ ಅರಿವಳಿಕೆ ವೈದ್ಯರು ಆದ್ಯಂತ ನಾಡಿಯ ಮೇಲೆ ಕಣ್ಣಿಟ್ಟಿರುತ್ತಾರೆ.

ಇನ್ನು ನಮ್ಮ ಕರ್ತವ್ಯ. ಶಸ್ತ್ರಕ್ರಿಯೆಗೆಂದು ಊರಿನಿಂದ ನಮ್ಮ ಮನೆಗೆ ಬರುವ ಹಿರಿಯರ ಚೀಲದಲ್ಲಿ ಹೆಸರು ತಿಳಿಯದ ಮಾತ್ರೆಗಳಿರುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಔಷಧಿಗಳು ನಾಡಿಯನ್ನು ಮೊದಲೇ ನಿಧಾನಗೊಳಿಸಿರುತ್ತವೆ. ಅವನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಲೂಬಾರದು, ಮುಚ್ಚಿಡಲೂಬಾರದು. ಚೀಟಿ, ಮಾತ್ರೆಗಳ ಸಮೇತ ತೋರಿಸಬೇಕು. ಸೂಜಿ ಕಂಡು ಮೂರ್ಛೆ ಹೋದದ್ದನ್ನೂ, ಹಿಂದಿನ ಶಸ್ತ್ರಕ್ರಿಯೆಯಲ್ಲಾದ ತೊಂದರೆಯನ್ನೂ ನಾಚದೆ ಹೇಳಬೇಕು. ತಪಾಸಣೆಗೆ ಬಂದವರಿಂದ ಸಾಲವನ್ನು ಮರೆಮಾಚಿದರೆ ಬ್ಯಾಂಕಿಗೆ ನಷ್ಟ. ಅರಿವಳಿಕೆ ವೈದ್ಯರಿಂದ ಮರೆಮಾಚಿದರೆ ಪ್ರಾಣಕ್ಕೇ ಅಪಾಯ.